ಸೊಟ್ಟ ಬೋರಿಗೂ ಅಡಿ ಲೆಕ್ಕದ ದುಡ್ಡೆ?



ಬೋರು ಕೊರೆಸುವಾಗ ನಾವೆಲ್ಲ ನೀರು ಎಷ್ಟು ಇಂಚು ಬಂತು ಅಂತ ನೋಡ್ತೀವಿ. ತೂತು ನೆಟ್ಟಗೆ ಇಳೀತೇ ಅಂತ ಕೇಳುವವರಿಲ್ಲ. ನಾನೂ ಕೇಳಲಿಲ್ಲ. ಒಡವೆ ಅಡವಿಟ್ಟು ಕೊರೆಸಿದ ಬೋರಿನಲ್ಲಿ ನೀರೇನೋ ಇತ್ತು. ಮೋಟಾರು ಅರ್ಧದಲ್ಲೇ ಕಚ್ಚಿಕೊಂಡಿತು. ಲಾರಿಯವರು ಅಷ್ಟೊತ್ತಿಗೆ ದುಡ್ಡು ಎಣಿಸಿಕೊಂಡು ಹೋಗಿಯಾಗಿತ್ತು. ಆ ಸಾಲ ತೀರಿಸೋಕೆ ಮೂರು ಬೆಳೆ ಬೇಕಾಯಿತು.

ಕೋಲಾರ, ತುಮಕೂರು ಸೀಮೆಯ ಕಗ್ಗಲ್ಲಿನಲ್ಲಿ ನೀರಿರುವುದು ಬಿರುಕಿನಲ್ಲಿ. ಓರೆ ಬಿರುಕಿಗೆ ತಗುಲಿದಾಗ ಬಿಟ್ಟಿಗೆ ಒಂದು ಪಕ್ಕ ಗಟ್ಟಿ, ಇನ್ನೊಂದು ಪಕ್ಕ ಟೊಳ್ಳು, ದಾರಿ ತಪ್ಪುತ್ತದೆ. ಮೇಲಿನ ರಾಡು ತೂತಿಗಿಂತ ಸಣ್ಣದು, ಆಸರೆ ಇಲ್ಲ. ಒತ್ತಿದಷ್ಟೂ ಬಾಗುತ್ತೆ.

ಇದಕ್ಕೆ ಉಪಾಯ ಇಲ್ಲದೇ ಇಲ್ಲ. ಹ್ಯಾಮರಿನ ಮೇಲೆ, ತೂತಿನ ಅಗಲಕ್ಕಿಂತ ತುಸುವೇ ಕಮ್ಮಿ ಇರುವ, ಗಟ್ಟಿ ಪಟ್ಟಿಗಳ ಸ್ಟೆಬಿಲೈಸರ್ ಹಾಕಿದರೆ ಅದು ಕಲ್ಲಿನ ಗೋಡೆಗೆ ಒರಗಿ ಬಿಟ್ಟನ್ನು ನಡುವೆ ಹಿಡಿಯುತ್ತದೆ. ಪಟ್ಟಿಗಳ ಸಂದಿಯಿಂದ ಗಾಳಿ, ಕಲ್ಲುಪುಡಿ ಮೇಲೆ ಬರುತ್ತವೆ. ಗಣಿ ಕೆಲಸದವರಿಗೆ ಇದು ಹಳೇ ಸಂಗತಿ. ಅಡಿ ಲೆಕ್ಕದಲ್ಲಿ ದುಡಿಯುವ ಲಾರಿಗೆ ಮಾತ್ರ ಆತುರ. ಸವೆದ ಬಿಟ್ಟಿನಲ್ಲೇ ಕೊರೆದರೆ ಕೆಳಗೆ ತೂತೂ ಕಿರಿದಾಗುತ್ತದೆ.

ಆದ್ದರಿಂದ ಮೊದಲು ಬಿಟ್ಟಿನ ಅಗಲ ಅಳೆಯಿರಿ. 6½ ಇಂಚು ಅಂದರೆ 6½ ಇರಬೇಕು. ಕೊರೆದು ಮುಗಿದ ಮೇಲೆ ಮೋಟಾರಿಗಿಂತ ತುಸು ದಪ್ಪದ, ಅದಕ್ಕಿಂತ ಉದ್ದದ ನೆಟ್ಟನೆ ಪೈಪನ್ನು ಕಬ್ಬಿಣದ ಹಗ್ಗದಲ್ಲಿ ಇಳಿಬಿಡಿಸಿ. ಮೋಟಾರು ಕೂರುವ ಆಳದ ತನಕ ಅದು ತಡೆಯಿಲ್ಲದೆ ಹೋಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಈ ಕರಾರನ್ನು ಲಾರಿ ಹೊಲಕ್ಕೆ ಇಳಿಯುವ ಮುಂಚೆಯೇ ಚೀಟಿಯಲ್ಲಿ ಬರೆಸಿ, ಇಬ್ಬರು ನೆರೆಯವರ ಸಾಕ್ಷಿ ಹಾಕಿಸಿ.