ಜೀರ್ಣವಸ್ತ್ರೋದ್ಧಾರ

ಜೀರ್ಣವಸ್ತ್ರವನ್ನು ತ್ಯಜಿಸುವ ಉಪಮಾನವು ಗೀತೆಯಲ್ಲಿರುವುದು ನಿಜವಷ್ಟೆ. ಅದು ದೇಹವನ್ನು ಕುರಿತದ್ದೇ ಹೊರತು ಮೊಣಕೈ ಹರಿದ ಅಂಗಿಯನ್ನಲ್ಲ. ರಿಚರ್ಡ್ಸ್ ಟೌನಿನ ನಮ್ಮ ಮನೆಯಲ್ಲಿ ಸೊಸೆಯು ಮೊಮ್ಮಗನ ಅಂತಹ ಅಂಗಿಗೆ ಒಳಗಡೆ ತುಂಡುಬಟ್ಟೆಯನ್ನಿಟ್ಟು, ಬಿಳಿಯ ದಾರದಿಂದ ಜಪಾನೀಯರ 'ಸಾಶಿಕೊ' ಹೊಲಿಗೆಯನ್ನು ಹಾಕಿದಳು. ಈಶಾನ್ಯ ಜಪಾನಿನ ರೈತಸ್ತ್ರೀಯರು ಚಳಿಗಂಜಿ ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹೊಲಿದು ಬೆಳೆಯಿಸಿದ ವಿದ್ಯೆಯಿದು. ನಮ್ಮ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಸ್ತ್ರೀಯರು ಹಳೆಯ ಸೀರೆಗಳಿಂದ ಹೊಲಿಯುವ ಕೌದಿಯೂ ಇದರ ಸೋದರಿಯೇ. ಎರಡರಲ್ಲಿಯೂ ಸೂಜಿಯು ಮೇಲೆ ಕೆಳಗೆ ಸಾಲಾಗಿ ಸಾಗುವುದು. ತುಂಡು ಹರಿದ ಭಾಗಕ್ಕಿಂತ ಅಂಗುಲದಷ್ಟು ದೊಡ್ಡದಿರತಕ್ಕದ್ದು. ದಾರವನ್ನು ಬಿಗಿದೆಳೆದರೆ ಬಟ್ಟೆ ಮುದುಡೀತು.

ಬಾಲ್ಯದಲ್ಲಿ ತೇಪೆಯ ಅಂಗಿಯನ್ನು ತೊಟ್ಟು ಶಾಲೆಗೆ ಹೋಗಲು ನಾವು ನಾಚಿ ಅತ್ತೆವು. ರಾತ್ರಿ ದೀಪದ ಬಳಿ ಅದನ್ನು ಹೊಲಿದಿದ್ದ ನಮ್ಮ ತಾಯಿ ಏನೂ ಆಡಲಿಲ್ಲ. ಇಂದು ಮೊಮ್ಮಗನು ತನ್ನ ತೇಪೆಯನ್ನು ಗೆಳೆಯರಿಗೆ ಹೆಮ್ಮೆಯಿಂದ ತೋರಿಸುತ್ತಾನೆ. ಆ ಮಾತನ್ನು ತಾಯಿಗೆ ಹೇಳಲು ನಮಗೆ ತಡವಾಯಿತು.