ಹೆಣ್ಣಿನ ಕೈಗೆ ಖಳಪಾತ್ರ

ಮರಿಯಮ್ಮನಹಳ್ಳಿ ನಟಿಯರ ಊರು. ಜಾತ್ರೆಗೆ ನಾಟಕ ಆಡುವ ಸುತ್ತಲ ಹಳ್ಳಿಗಳಲ್ಲಿ ಗಂಡಸರ ಪಾತ್ರ ಊರವರದೇ. ಸ್ತ್ರೀ ಪಾತ್ರಕ್ಕೆ ಇಲ್ಲಿಂದ ಕಲಾವಿದೆಯರನ್ನು ಕರೆಸುತ್ತಾರೆ. ಆ ರಂಗದ ಮೇಲೆ ಇಬ್ಬರು ಹೆಂಗಸರು ಎದುರಾದರೆ ಜಗಳ ಹೆಚ್ಚಾಗಿ ಗಂಡನದೋ ಮನೆಯದೋ. ಅಲೆನ್ ಕೊರ್ನೊ ನಿರ್ದೇಶಿಸಿದ 2010ರ ಫ್ರೆಂಚ್ ಸಿನಿಮಾ ‘ಕ್ರೈಮ್ ದಾಮೂರ್’ನಲ್ಲಿ ಜಗಳ ಕುರ್ಚಿಯದು.

ದೊಡ್ಡ ಕಂಪನಿಯ ಮೇಲಧಿಕಾರಿ ಕ್ರಿಸ್ಟಿನ್, ಅವಳ ಕೈಕೆಳಗಿನ ಇಸಬೆಲ್. ಕ್ರಿಸ್ಟಿನ್ ತನ್ನ ಸ್ಕಾರ್ಫನ್ನೇ ಇಸಬೆಲ್‌ಗೆ ಕೊಡುತ್ತಾಳೆ, ಹತ್ತಿರ ಬಂದು ಪ್ರೀತಿ ತೋರುತ್ತಾಳೆ, ಅವಳು ದುಡಿದದ್ದನ್ನು ತನ್ನದೆಂದು ಮೇಲಿನವರಿಗೆ ಒಪ್ಪಿಸುತ್ತಾಳೆ. ಒಂದು ದಿನ ಇಸಬೆಲ್ ಪಾರ್ಕಿಂಗ್‌ನಲ್ಲಿ ಕಾರು ಗುದ್ದಿಸಿಕೊಂಡು ಒಬ್ಬಳೇ ಅಳುತ್ತಾಳೆ. ಕ್ಯಾಮೆರಾದಲ್ಲಿ ಸೆರೆಯಾದ ಆ ಅಳುವನ್ನು ಕ್ರಿಸ್ಟಿನ್ ಸಹೋದ್ಯೋಗಿಗಳೆದುರು ಹಾಕಿ ತೋರಿಸುತ್ತಾಳೆ. ಮುಂದಿನದು ಕೊಲೆ.

ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಹಳೇ ಮಾತನ್ನೇ ಇದೂ ಹೇಳುತ್ತದೆ ಎನ್ನುವವರ ಆಕ್ಷೇಪವನ್ನು ತಳ್ಳಿಹಾಕಲಾಗದು. ಇಬ್ಬರೂ ಕಾದಾಡುವುದು ಅಮೆರಿಕದ ಮೇಲಧಿಕಾರಿಗಳ ಮೆಚ್ಚುಗೆಗೆ. ಕೊನೆಗೆ ಒಬ್ಬಳು ಹೆಣ, ಒಬ್ಬಳು ಕೊಲೆಗಾತಿ. ಕಂಪನಿಗೆ ಏನೂ ಆಗುವುದಿಲ್ಲ. ಹೆಂಗಸರ ನಡುವಿನ ಆಸೆಯನ್ನೂ ಬಲೆಯಂತೆ ಬಳಸಿ ಅರ್ಧಕ್ಕೇ ಕೈಬಿಟ್ಟಿದ್ದಾರೆ. ಒಬ್ಬಳನ್ನೊಬ್ಬಳು ಮನಸಾರೆ ಬಯಸುವ ಹೆಂಗಸರು ಇದರಲ್ಲಿ ತಮ್ಮನ್ನು ಕಂಡುಕೊಳ್ಳುವುದು ಕಷ್ಟ.

ಆದರೆ ಕೆಟ್ಟತನವನ್ನು ಗಂಡಸರಿಗಷ್ಟೇ ಮೀಸಲಿಟ್ಟರೆ ನಟಿಗೆ ಉಳಿಯುವುದು ಕಣ್ಣೀರು ಮಾತ್ರ. 1958ರಲ್ಲಿ ಬರೀ ಹೆಂಗಸರ ನಾಟಕ ಮಂಡಳಿ ಕಟ್ಟಿದ ಆರ್. ನಾಗರತ್ನಮ್ಮ ಮೀಸೆ ಅಂಟಿಸಿಕೊಂಡು ಕಂಸನಾಗಿ ಗರ್ಜಿಸಿದರು. ಅಧಿಕಾರದ ಮದವನ್ನು ಹೆಣ್ಣು ಅಭಿನಯಿಸಲು ಆಗ ಗಂಡುವೇಷ ಬೇಕಾಗಿತ್ತು. ಕ್ರಿಸ್ಟಿನ್ ಪಾತ್ರದ ಕ್ರಿಸ್ಟಿನ್ ಸ್ಕಾಟ್ ಥಾಮಸ್‌ಗೆ ಅದು ಬೇಕಿಲ್ಲ. ದನಿ ಏರಿಸದೆ, ನಗುತ್ತಲೇ ಎದುರಿನವಳನ್ನು ಕುಗ್ಗಿಸುತ್ತಾಳೆ. ಇಂಥ ಪಾತ್ರ ನಮ್ಮ ಯಾವ ನಟಿಗೆ ಬೇಡ?

ನನಗೆ ಮೊದಲರ್ಧ ನಿಜವೆನಿಸುತ್ತದೆ, ಎರಡನೆಯದು ಜಾಣತನ. ಇಸಬೆಲ್ ತನ್ನ ಮೇಲೇ ಅನುಮಾನ ಬರುವಂತೆ ಸಾಕ್ಷ್ಯ ಇಟ್ಟು, ಆಮೇಲೆ ಅದನ್ನು ಒಂದೊಂದಾಗಿ ಸುಳ್ಳಾಗಿಸುವ ಆಟ ಚುರುಕಾಗಿದೆ, ನಿಜ. ಅಷ್ಟರಲ್ಲಿ ಪಾರ್ಕಿಂಗ್‌ನಲ್ಲಿ ಅತ್ತ ಹುಡುಗಿ ಕಾಣೆಯಾಗಿರುತ್ತಾಳೆ. ಬ್ರಯಾನ್ ಡಿ ಪಾಮಾ 2012ರಲ್ಲಿ ಇದನ್ನೇ ‘ಪ್ಯಾಶನ್’ ಎಂದು ಮತ್ತೆ ತೆಗೆದಾಗ ಇಸಬೆಲ್‌ಳ ಸಹಾಯಕನನ್ನೂ ಹೆಣ್ಣಾಗಿಸಿ, ಆಸೆಯನ್ನು ಮುಂದಕ್ಕೆ ತಂದರು. ಆಕ್ಷೇಪಕ್ಕೆ ಅದು ಒಂದು ಉತ್ತರವೇ. ಆದರೆ ನಾಯಕಿಯರನ್ನು ಓರಗೆಯವರನ್ನಾಗಿಸಿ ಬೇರೊಂದನ್ನು ಕಳೆದುಕೊಂಡರು. ಕೊರ್ನೊ ಆರಿಸಿದ ನಟಿಯರ ನಡುವೆ ಸುಮಾರು 19 ವರ್ಷದ ಅಂತರ. ಹಿರಿಯಳ ಮೆಚ್ಚುಗೆಗೆ ಹಂಬಲಿಸುವ ಕಿರಿಯಳು, ಕಿರಿಯಳ ಬುದ್ಧಿಗೆ ಒಳಗೇ ಹೆದರುವ ಹಿರಿಯಳು: ಕೊಲೆ ಇಲ್ಲದಿದ್ದರೂ ಈ ನಂಟಿನ ಮೇಲೇ ಸಿನಿಮಾ ನಿಲ್ಲುತ್ತಿತ್ತು.