ಟೆಸ್ಟಿಂಗ್ ಮಾತು, ಭಾಗ 4: ಸೆಲೆನಿಯಂಗೆ ಗುಂಟೆ ಲೆಕ್ಕ ಗೊತ್ತಿಲ್ಲ

"ಮ್ಯಾನುಯಲ್ ಟೆಸ್ಟಿಂಗ್ ಸತ್ತೋಯ್ತಂತೆ, ಡೈರೆಕ್ಟ್ ಆಟೊಮೇಷನ್ ಕಲೀಲಾ?" ಹೋದ ಪೋಸ್ಟ್ ಆದ್ಮೇಲೆ ಸುಮಾರು ಜನ ಕೇಳಿದ್ದು ಇದನ್ನೇ. ನನ್ನ ಉತ್ತರ: ಬೇಡ. ಜೀವನಪೂರ್ತಿ ಮ್ಯಾನುಯಲ್ಲೇ ಮಾಡಿ ಅಂತಲ್ಲ, ಅದನ್ನ ಹಾರಿಸ್ಕೊಂಡು ಹೋಗ್ಬೇಡಿ ಅಂತ.

ನಮ್ಮ ಕಡೆ ಉದಾಹರಣೆನೇ ತಗೊಳ್ಳೋಣ. ಬೆಂಬಲ ಬೆಲೆಗೆ ಕೊಬ್ಬರಿ ಕೊಡೋಕೆ ಮೊದಲು ನೋಂದಣಿ ಆಗ್ಬೇಕು. ಅಂಥದ್ದೊಂದು ಆ್ಯಪ್ ನಿಮ್ಮ ಕೈಗೆ ಟೆಸ್ಟಿಂಗ್‌ಗೆ ಬಂತು ಅನ್ಕೊಳ್ಳಿ. ಜಮೀನಿನ ವಿಸ್ತೀರ್ಣದ ಬಾಕ್ಸಲ್ಲಿ ರೈತರು 1.20 ಅಂತ ಹಾಕ್ತಾರೆ. ನಮಗೆ ಅದು 1 ಎಕರೆ 20 ಗುಂಟೆ, ಅಂದ್ರೆ ಒಂದೂವರೆ ಎಕರೆ. ಪಹಣಿಯನ್ನೇ ನೋಡಿಲ್ಲದ ಡೆವಲಪರ್‌ಗೆ ಅದು ದಶಾಂಶ, 1.2 ಎಕರೆ. 12 ಗುಂಟೆ ಮಾಯ! ಎಕರೆಗೆ 6 ಕ್ವಿಂಟಲ್ ಅಂತ ಇಟ್ಕೊಂಡ್ರೆ, 9 ಕ್ವಿಂಟಲ್ ಬದಲು 7.2 ಕ್ವಿಂಟಲ್. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು. ಆ ಲೆಕ್ಕಕ್ಕೆ ಒಂದು ಮನೆಯ 21,600 ರೂಪಾಯಿ ಕೊಬ್ಬರಿ ಹೊರಗೆ ಉಳೀತು. ಸ್ಕ್ರೀನಲ್ಲಿ ಮಾತ್ರ ಹಸಿರು ಟಿಕ್, ಎರರ್ರೇ ಇಲ್ಲ.

ಇದನ್ನ ಹಿಡಿಯೋದು ಗುಂಟೆ ಲೆಕ್ಕ ಗೊತ್ತಿರೋ ಮನುಷ್ಯ ಕಣ್ರೋ. 1.39 ಹಾಕಿ ನೋಡ್ತೀರ. 1.40 ಹಾಕ್ತೀರ (40 ಗುಂಟೆಗೆ ಎಕರೆ ಅಲ್ವಾ, ಅದನ್ನ 2 ಎಕರೆ ಮಾಡ್ಬೇಕು, ಇಲ್ಲಾ ತಗೋಬಾರ್ದು). 1.45, 0, ಖಾಲಿ, ಎಲ್ಲ ಹಾಕ್ತೀರ. ಪುಸ್ತಕದಲ್ಲಿ ಇದಕ್ಕೆ ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಅಂತ ದೊಡ್ಡ ಹೆಸರು. ಆಮೇಲೆ ಹೆಸರಿನ ಬಾಕ್ಸ್: ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ, ಬರೀ ಇನಿಷಿಯಲ್. "ಲಾಸ್ಟ್ ನೇಮ್ ಕನಿಷ್ಠ 2 ಅಕ್ಷರ" ಅಂದ್ರೆ ಏನ್ ಹಾಕೋದು? "ಲಕ್ಷ್ಮೀ" ನಮ್ಮ ಕಣ್ಣಿಗೆ 2 ಅಕ್ಷರ, ಯೂನಿಕೋಡ್‌ನಲ್ಲಿ 7.

ಈಗ ಆಟೊಮೇಷನ್‌ಗೆ ಬನ್ನಿ. ಈ ಕೇಸುಗಳನ್ನೆಲ್ಲ ಪ್ರತಿ ಹೊಸ ಬಿಲ್ಡ್‌ಗೂ ಕೈಯಲ್ಲೇ ಮಾಡ್ತಾ ಕೂತ್ರೆ ಮೂರನೇ ಸಲಕ್ಕೆ ನಿದ್ದೆ ಬರುತ್ತೆ, ನಾಲ್ಕನೇ ಸಲ ನೀವೇ ಬಿಟ್ಬಿಡ್ತೀರ. ಅದನ್ನ ಬೇಸರ ಇಲ್ಲದೆ ಮಾಡೋಕೆ ಸ್ಕ್ರಿಪ್ಟ್ ಬೇಕು. ಆದ್ರೆ ಏನನ್ನ ನೋಡ್ಬೇಕು ಅಂತ ನೀವು ಹೇಳಿದಷ್ಟನ್ನೇ ಅದು ನೋಡೋದು. ಸೆಲೆನಿಯಂ 2004ರಲ್ಲಿ ಶುರುವಾಯ್ತು, ಮೈಕ್ರೋಸಾಫ್ಟ್‌ನ ಪ್ಲೇರೈಟ್ 2020ರಲ್ಲಿ ಬಂತು, ಈಗ ಎಐ ಕೇಳಿದ ತಕ್ಷಣ ಸ್ಕ್ರಿಪ್ಟ್ ಬರೆದುಕೊಡುತ್ತೆ. 1.20 ಅನ್ನೋದು ಒಂದೂವರೆ ಅಂತ ಅದಕ್ಕೆ ಹೇಳೋರು ಯಾರು?

ಹಾಗಂತ "ಕೋಡಿಂಗ್ ಬರಲ್ಲ, ಅದಕ್ಕೇ ಟೆಸ್ಟಿಂಗ್" ಅಂತ ಬರೋರಿಗೂ ನನ್ನ ಸಹಮತ ಇಲ್ಲ. ಬರೀ ಎಕ್ಸೆಲ್ ಶೀಟ್ ತುಂಬಿಸ್ಕೊಂಡು ವರ್ಷಗಟ್ಟಲೆ ಕೂತ್ರೆ, ಕೆಲಸ ಬದಲಾಯಿಸೋ ಹೊತ್ತಿಗೆ ಕಷ್ಟ. ಕೆಲಸ ಸಿಕ್ಕ ಮೊದಲ ತಿಂಗಳಿಂದಲೇ ಜಾವಾ ಅಥವಾ ಪೈಥಾನ್, ಎರಡರಲ್ಲಿ ಒಂದನ್ನ ಹಿಡೀರಿ. ಜೊತೆಗೆ ಎಸ್‌ಕ್ಯೂಎಲ್, ಗಿಟ್, ಎಪಿಐ ನೋಡೋಕೆ ಪೋಸ್ಟ್‌ಮನ್ (ಅದು ಹುಟ್ಟಿದ್ದೂ ಬೆಂಗಳೂರಲ್ಲೇ). ಹತ್ತು ಟೂಲಿನ ಹೆಸರು ರೆಸ್ಯೂಮೆಯಲ್ಲಿ ಬೇಡ.

ಇನ್ನೊಂದು, ಬೇಜಾರಾದ್ರೂ ಹೇಳ್ಬಿಡ್ತೀನಿ. ಮನೇಲಿ ಅಟ್ಟದ ಕೊಬ್ಬರಿ ಮಾರಿ ಕೋರ್ಸ್ ಫೀಸ್ ಕೊಟ್ಟಿರ್ತಾರೆ. ಯಾರೋ ಬಂದು "ಇನ್ನಷ್ಟು ದುಡ್ಡು ಕೊಡಿ, ಮೂರು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿಸಿಕೊಡ್ತೀವಿ" ಅಂತಾರೆ. ದಯವಿಟ್ಟು ಬೇಡ. ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಪಿಎಫ್ ಹಿಸ್ಟರಿ ಕೇಳ್ತಾರೆ, ಸಿಕ್ಕಿಬಿದ್ರೆ ಆಫರ್ ಹೋಗುತ್ತೆ. ಸೇರಿದ ಮೇಲೆ ಸಿಕ್ಕಿದ್ರೆ ಕೆಲಸಾನೂ ಹೋಗುತ್ತೆ, ಫೀಸ್ ದುಡ್ಡು ವಾಪಸ್ ಬರಲ್ಲ. ಅದರ ಬದಲು ನೀವೇ ಬರೆದ ಹತ್ತು ಒಳ್ಳೆ ಬಗ್ ರಿಪೋರ್ಟು, ಒಂದು ಚಿಕ್ಕ ಆಟೊಮೇಷನ್ ಪ್ರಾಜೆಕ್ಟು ಗಿಟ್‌ಹಬ್‌ನಲ್ಲಿ ಹಾಕಿ ತೋರ್ಸಿ. ಫ್ರೆಶರ್ ಅಂತಲೇ ಹೋಗಿ.

ಈ ವಾರದ ಕೆಲಸ: ಎಕರೆ, ಗುಂಟೆ ಹಾಕೋ ಬಾಕ್ಸ್‌ಗೆ 15 ಟೆಸ್ಟ್ ಕೇಸ್ ಬರೆದು ನನಗೆ ಡಿಎಂ ಮಾಡಿ. ಭಾಗ 5ರಲ್ಲಿ ಅವನ್ನೇ ತಗೊಂಡು ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಮಾಡೋಣ.

#ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಟೆಸ್ಟಿಂಗ್‌ಮಾತು